ತೈಲವರ್ಣದ ವಾಸನೆಗೆ ಉಸಿರು ಕಟ್ಟುತ್ತದೆ, ಪ್ರಿಂಟ್‌ಮೇಕಿಂಗ್‌ಗೆ ಹೋಗಲೇ?

ಪ್ರಶ್ನೆ: ಮೇಡಂ, ನಾನು ದೃಶ್ಯಕಲೆ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಪೇಂಟಿಂಗ್ ತಗೊಳ್ಳಬೇಕು ಅಂತಲೇ ಸೇರಿದವಳು. ಎಂಟು ತಿಂಗಳಿಂದ ತೈಲವರ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆ ಬಂದರೆ ಸಾಕು, ಎದೆ ಬಿಗಿದು ಕೆಮ್ಮು ಶುರುವಾಗುತ್ತದೆ. ಡಾಕ್ಟರು ಆಸ್ತಮಾ ಅಂದಿದ್ದಾರೆ, ಇನ್‌ಹೇಲರ್ ಕೊಟ್ಟಿದ್ದಾರೆ. ನನ್ನ ಗೆಳತಿ ಅನ್ನಾ ಒಸ್ತ್ರೊಉಮೊವಾ-ಲೆಬೆದೆವಾ ಎಂಬ ರಷ್ಯನ್ ಕಲಾವಿದೆಯ ಬಗ್ಗೆ ಹೇಳಿದಳು. ಅವರಿಗೂ ಆಸ್ತಮಾ ಇತ್ತಂತೆ, ಅದಕ್ಕೇ ಪೇಂಟಿಂಗ್ ಬಿಟ್ಟು, ಮರದ ಹಲಗೆ ಕೆತ್ತಿ ಅಚ್ಚು ತೆಗೆಯುವ ವುಡ್‌ಕಟ್‌ಗೆ ಬಂದು ಹೆಸರು ಮಾಡಿದರಂತೆ. ಇದು ನಿಜವೇ? ನಮ್ಮಣ್ಣ, "ಪೇಂಟಿಂಗ್ ಬರದವರು ಪ್ರಿಂಟ್ ಮಾಡ್ತಾರೆ, ಅದು ಬರೀ ಕಾಪಿ ತೆಗೆಯೋ ಕೆಲಸ" ಅಂತಾನೆ. ಮುಂದಿನ ವರ್ಷ ವಿಭಾಗ ಆರಿಸಿಕೊಳ್ಳಬೇಕು. ಪ್ರಿಂಟ್‌ಮೇಕಿಂಗ್‌ಗೆ ಹೋಗಲೇ? ವುಡ್‌ಕಟ್ ಎದೆಗೆ ತೊಂದರೆ ಮಾಡುವುದಿಲ್ಲ ತಾನೇ? ವುಡ್‌ಕಟ್ ಮಾಡುವುದಾದರೆ ಮೊದಲ ಬ್ಲಾಕ್‌ಗೆ, ಅಂದರೆ ಕೆತ್ತುವ ಹಲಗೆಗೆ, ಯಾವ ಮರ ತಗೊಳ್ಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಸೇರಿಕೊಂಡಿವೆ. ಒಂದು ಉಸಿರಿನದು. ಇನ್ನೊಂದು, ಪ್ರಿಂಟ್‌ಗೆ ಹೋದರೆ ಸೋತು ಹಿಂದೆ ಸರಿದ ಹಾಗಾಗುತ್ತದಾ ಅನ್ನುವುದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ನನಗೆ ಅನ್ನಿಸಿತು. ಇಪ್ಪತ್ತಾರು ವರ್ಷ ಪ್ರಿಂಟ್ ಸ್ಟುಡಿಯೋದಲ್ಲಿ ಪಾಠ ಮಾಡಿದ್ದೇನೆ. ಈ ಎರಡು ಭಯವನ್ನೂ ಹೊತ್ತು ಬಂದ ಮಕ್ಕಳನ್ನು ನೋಡಿದ್ದೇನೆ. ನಾನು ಡಾಕ್ಟರಲ್ಲ, ಔಷಧಿಯ ವಿಷಯ ನಿಮ್ಮ ಡಾಕ್ಟರಿಗೇ ಬಿಟ್ಟದ್ದು. ಸ್ಟುಡಿಯೋದಲ್ಲಿ ಏನೇನು ಎದೆಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ.

ಗೆಳತಿ ಹೇಳಿದ ಕಥೆ ಅರ್ಧ ನಿಜ. ಅನ್ನಾ ಅವರಿಗೆ ಆಸ್ತಮಾ ಇತ್ತು. ತೈಲವರ್ಣದ ವಾಸನೆಗೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಅದನ್ನು ಬಿಡಬೇಕಾಯಿತು. ಇದರಲ್ಲಿ ಸಂಶಯವಿಲ್ಲ. ಆದರೆ ಆಸ್ತಮಾ ಅವರನ್ನು ವುಡ್‌ಕಟ್‌ಗೆ ತಳ್ಳಿತು ಅನ್ನುವುದು ಸರಿಯಲ್ಲ. ಅವರ ಜೀವನವನ್ನು ವರ್ಷ ಹಿಡಿದು ನೋಡಿದರೆ ಗೊತ್ತಾಗುತ್ತದೆ. ನೀವು ಈಗ ನಿಂತಿರುವ ಜಾಗದಿಂದ ಅದನ್ನು ನೋಡುವುದು ಮುಖ್ಯ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅನ್ನಾ ಹುಟ್ಟಿದ್ದು 1871ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಸರ್ಕಾರದ ದೊಡ್ಡ ಅಧಿಕಾರಿ. 1889ರಲ್ಲಿ ಅವರು ಅಲ್ಲಿನ ಶ್ಟೀಗ್ಲಿಟ್ಸ್ ಕಲಾಶಾಲೆ ಸೇರಿದರು. ಅದು ಕುಶಲಕಲೆಗಳನ್ನು ಕಲಿಸುವ ಶಾಲೆ. ಅಲ್ಲಿ ಮರ ಕೆತ್ತುವುದನ್ನು ಕಲಿಸುತ್ತಿದ್ದವರು ವಾಸಿಲಿ ಮಾತೆ, ಆ ಕಾಲದ ರಷ್ಯಾದ ಬಹು ದೊಡ್ಡ ಕೆತ್ತನೆಗಾರ. ಹದಿನೆಂಟರ ಹುಡುಗಿ ಉಳಿ ಹಿಡಿದದ್ದು ಅಲ್ಲಿ, ಅವರ ಕೈಕೆಳಗೆ. 1892ರಲ್ಲಿ ಕಲಾ ಅಕಾಡೆಮಿ ಸೇರಿದರು, ಮುಂದೆ ರೆಪಿನ್ ಅವರ ಸ್ಟುಡಿಯೋಗೆ ಹೋದರು. ರೆಪಿನ್ ಅಂದರೆ ಆಗಿನ ರಷ್ಯಾದಲ್ಲಿ ತೈಲವರ್ಣದ ಶಿಖರ. ಅವರ ಶಿಷ್ಯೆ ಅನ್ನಿಸಿಕೊಳ್ಳುವುದೇ ದೊಡ್ಡ ಮಾತು. ಅಂದರೆ ಪೇಂಟಿಂಗ್ ಬರದೆ ಪ್ರಿಂಟ್‌ಗೆ ಬಂದವರಲ್ಲ ಇವರು. ರೆಪಿನ್ ಕೈಕೆಳಗೆ ಕಲಿತೂ ಪ್ರಿಂಟ್ ಆರಿಸಿಕೊಂಡವರು.

ಇನ್ನು ನಿಮ್ಮ ಅಣ್ಣ ಹೇಳಿದ "ಕಾಪಿ ತೆಗೆಯೋ ಕೆಲಸ". ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರ ಮಾತು ಸುಮ್ನೆ ಹುಟ್ಟಿದ್ದಲ್ಲ, ನೂರಿಪ್ಪತ್ತೈದು ವರ್ಷದ ಹಿಂದೆ ಅದು ಬಹುಪಾಲು ನಿಜವೇ ಆಗಿತ್ತು. ಆಗ ಪತ್ರಿಕೆಯಲ್ಲಿ ಚಿತ್ರ ಬರಬೇಕಾದರೆ ಯಾರಾದರೂ ಅದನ್ನು ಮರದಲ್ಲಿ ಕೆತ್ತಬೇಕಿತ್ತು. ಚಿತ್ರ ಬರೆದವನು ಒಬ್ಬ, ಕೆತ್ತುವವನು ಇನ್ನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ. ಕೆತ್ತುವವನ ಜಾಣ್ಮೆ ಇದ್ದದ್ದು ತನ್ನ ಕೈಯನ್ನು ಮರೆಸುವುದರಲ್ಲಿ. ಬಾಕ್ಸ್‌ವುಡ್‌ನಂಥ ಗಟ್ಟಿ ಮರದ ಕಾಂಡವನ್ನು ಅಡ್ಡಕ್ಕೆ ಕೊಯ್ದು, ಆ ಮುಖದ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಹತ್ತಿರ ಹತ್ತಿರ ಎಳೆದು, ಎಣ್ಣೆಬಣ್ಣದ ಚಿತ್ರದ ನೆರಳು ಬೆಳಕನ್ನೆಲ್ಲ ಬೂದುಬಣ್ಣದಲ್ಲಿ ತೋರಿಸುತ್ತಿದ್ದರು. ಮಾತೆ ಇದರಲ್ಲಿ ನಿಪುಣ. ಅಷ್ಟರಲ್ಲಿ ಫೋಟೋದಿಂದ ಲೋಹದ ಬ್ಲಾಕ್ ಮಾಡುವ ವಿಧಾನ ಬಂತು. ಅದು ಬೇಗ ಆಗುತ್ತಿತ್ತು, ಅಗ್ಗವೂ ಹೌದು. ಹಾಗಾಗಿ ಕೆತ್ತನೆಗಾರರ ಕೈಗೆ ಕೆಲಸ ಕಡಿಮೆಯಾಗುತ್ತಾ ಬಂತು. ಅನ್ನಾ ಕಲಿತದ್ದು ಹೀಗೆ ಮುಗಿಯುತ್ತಾ ಬಂದಿದ್ದ ಒಂದು ಕಸುಬನ್ನು.

ಅವರು ಅದನ್ನು ತಿರುಗಿಸಿ ಹಿಡಿದರು. ನನ್ನ ಪ್ರಕಾರ ಅವರ ಬದುಕಿನ ತಿರುಳು ಇದೇ.

ತಿರುಗಿಸಲು ಸಹಾಯ ಮಾಡಿದವು ಎರಡು. ಮೊದಲನೆಯದು 1896ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಜಪಾನಿ ಚಿತ್ರಗಳ ಪ್ರದರ್ಶನ. ಕಿತಾಯೆವ್ ಎಂಬ ನೌಕಾಪಡೆಯ ಅಧಿಕಾರಿ ಜಪಾನಿನಿಂದ ಕೂಡಿಸಿ ತಂದ ಸಂಗ್ರಹ ಅದು. ಹೊಕುಸಾಯ್, ಹಿರೋಶಿಗೆ ಕಾಲದ ವುಡ್‌ಕಟ್‌ಗಳಲ್ಲಿ ಬೂದುಬಣ್ಣದ ಕಸರತ್ತು ಇರಲಿಲ್ಲ. ಒಂದು ಗೆರೆ, ನಾಲ್ಕಾರು ಬಣ್ಣದ ಹರವು, ಜೊತೆಗೆ ಬೇಕೆಂದೇ ಬಿಟ್ಟ ಖಾಲಿ ಜಾಗ. ಎರಡನೆಯದು ಪ್ಯಾರಿಸ್. 1898ರಲ್ಲಿ ಅನ್ನಾ ಅಲ್ಲಿಗೆ ಹೋಗಿ ಅಮೆರಿಕದ ಕಲಾವಿದ ವಿಸ್ಲರ್ ಅವರ ತರಗತಿ ಸೇರಿದರು. ವಿಸ್ಲರ್ ಸ್ವತಃ ದೊಡ್ಡ ಪ್ರಿಂಟ್‌ಮೇಕರ್, ಜಪಾನಿ ಚಿತ್ರಗಳ ಪ್ರೇಮಿ. ಅವರು ವಿದ್ಯಾರ್ಥಿಗಳ ಕ್ಯಾನ್ವಾಸಿಗಿಂತ ಬಣ್ಣ ಕಲಸುವ ಪ್ಯಾಲೆಟ್ಟನ್ನೇ ಗಮನವಿಟ್ಟು ನೋಡುತ್ತಿದ್ದರು. ಕುಂಚ ಎತ್ತುವ ಮೊದಲೇ ಬಣ್ಣಗಳು ಕಡಿಮೆ ಸಂಖ್ಯೆಯಲ್ಲಿ, ಒಂದರ ಪಕ್ಕ ಒಂದು ಹೊಂದಿಕೊಂಡು ಸಿದ್ಧವಾಗಿರಬೇಕು. ಬಣ್ಣದ ವುಡ್‌ಕಟ್ ಮಾಡಿ ನೋಡಿದವರಿಗೆ ಈ ಪಾಠದ ಬೆಲೆ ಗೊತ್ತು. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಹಲಗೆ ಕೆತ್ತಬೇಕು. ಒಂದು ಬಣ್ಣ ಜಾಸ್ತಿ ಬೇಕು ಅಂದರೆ ವಾರಗಟ್ಟಲೆ ಕೆಲಸ ಜಾಸ್ತಿ. ಮೂರು ಬಣ್ಣದಲ್ಲಿ ಯೋಚಿಸುವುದು ತಾನಾಗಿ ರೂಢಿಯಾಗುತ್ತದೆ.

ಪ್ಯಾರಿಸಿನಲ್ಲಿ ಜೊತೆಗಿದ್ದವರು ಬೆನುವಾ, ಸೊಮೊವ್ ಮೊದಲಾದ ಪೀಟರ್ಸ್‌ಬರ್ಗ್‌ನ ಕಲಾವಿದ ಗೆಳೆಯರು. ಊರಿಗೆ ಮರಳಿ ಅನ್ನಾ ಮತ್ತೆ ಮಾತೆಯವರ ಬಳಿಗೇ ಹೋದರು. 1899ರಲ್ಲಿ ಹದಿನೇಳನೇ ಶತಮಾನದ ಚಿತ್ರಕಾರ ರೂಬೆನ್ಸ್‌ನ ಪರ್ಸಿಯಸ್ ಮತ್ತು ಆಂಡ್ರೊಮೆಡಾ ಚಿತ್ರವನ್ನು ಬಣ್ಣದ ವುಡ್‌ಕಟ್‌ಗೆ ಇಳಿಸಿದರು. ಇನ್ನೊಬ್ಬರ ತೈಲಚಿತ್ರವನ್ನು ಮರಕ್ಕೆ ತರುವುದು ಹಳೆಯ ಕಸುಬಿನ ರೂಢಿಯೇ. ಆದರೆ ಅವರು ರೂಬೆನ್ಸ್‌ನ ಬಣ್ಣವನ್ನೆಲ್ಲ ಅನುಕರಿಸಲಿಲ್ಲ. ಮರಕ್ಕೆ ಒಗ್ಗುವಷ್ಟನ್ನೇ ಇಟ್ಟುಕೊಂಡರು. 1900ರಲ್ಲಿ ಅಕಾಡೆಮಿ ಮುಗಿಸುವಾಗ 14 ಪ್ರಿಂಟ್‌ಗಳನ್ನು ಮುಂದಿಟ್ಟು ಕಲಾವಿದೆ ಎಂಬ ಬಿರುದು ಪಡೆದರು. ದೊಡ್ಡ ಕ್ಯಾನ್ವಾಸಿಗೇ ಮಣೆ ಹಾಕುವ ಅಕಾಡೆಮಿಯಲ್ಲಿ, ಮೇಜಿನ ಮೇಲೆ ಹಿಡಿಯುವ ಕಾಗದಗಳನ್ನು ತನ್ನ ಕಲಿಕೆಯ ಫಲ ಅಂತ ಇಟ್ಟರು. ಇದನ್ನು ಹೊಸ ಹುಡುಗರಿಗೆ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮರದಲ್ಲಿ ತನಗೆ ಏನು ಹಿಡಿಸಿತು ಅಂತ ಅವರೇ ಆತ್ಮಕಥನದ ಟಿಪ್ಪಣಿಗಳಲ್ಲಿ ಬರೆದಿದ್ದಾರೆ. ಅದರ ಮಿತಮಾತು ಹಿಡಿಸಿತಂತೆ. ಕಡಿಮೆ ಹೇಳಿ ಚೂಪಾಗಿ ನಾಟುವ ಗುಣ. ಇನ್ನೊಂದು, ಗೆರೆಯ ನಿಷ್ಠುರತೆ. ಕೆತ್ತಿದ ಮೇಲೆ ಅಳಿಸುವ ಹಾಗಿಲ್ಲ, ಬಣ್ಣ ಬಳಿದು ಮುಚ್ಚುವ ಹಾಗಿಲ್ಲ. ಇದು ಕಾಯಿಲೆಯಿಂದ ಬೇರೆ ದಾರಿ ಇಲ್ಲದೆ ಬಂದವರ ಮಾತಿನ ಹಾಗೆ ಕೇಳುತ್ತದಾ?

ಹಾಗಾದರೆ ಆಸ್ತಮಾ ಏನು ಮಾಡಿತು? ಅದು ತೈಲವರ್ಣವನ್ನು ತಪ್ಪಿಸಿತು. ಆ ಜಾಗಕ್ಕೆ ಬಂದದ್ದು ಜಲವರ್ಣ. ಬಣ್ಣದ ಹಸಿವು ವುಡ್‌ಕಟ್ ಒಂದರಿಂದಲೇ ತೀರುವಂಥದ್ದಲ್ಲ, ಅದಕ್ಕೆ ಬೇರೆ ದಾರಿ ಬೇಕಿತ್ತು. ಅನ್ನಾ ಜಲವರ್ಣವನ್ನು ಹವ್ಯಾಸದ ಮಟ್ಟದಲ್ಲಿ ಬಿಡಲಿಲ್ಲ, ಇನ್ನೊಂದು ಪೂರ್ತಿ ವೃತ್ತಿಯನ್ನಾಗಿ ಬೆಳೆಸಿದರು. ಇಟಲಿಗೆ ಹೋದಾಗ, 1913ರಲ್ಲಿ ಬೆಲ್ಜಿಯಂ ಮತ್ತು ಹಾಲೆಂಡಿಗೆ, 1914ರಲ್ಲಿ ಸ್ಪೇನಿಗೆ ಹೋದಾಗ ಬೀದಿ, ಕಾಲುವೆ, ಗುಡ್ಡಗಳನ್ನು ಜಲವರ್ಣದಲ್ಲಿ ತಂದರು. ಅವರ ಭಾವಚಿತ್ರಗಳೂ ಜಲವರ್ಣದಲ್ಲಿವೆ. ಅವನ್ನು ನೋಡುವಾಗ ಒಂದು ವಿಷಯ ಗಮನಿಸಿ. ಕೆಳಗಿನ ರೇಖಾಚಿತ್ರ ಗಟ್ಟಿ, ಬಣ್ಣದ ಹರವು ದೊಡ್ಡದು, ತಿದ್ದಾಟ ಕಡಿಮೆ. ಉಳಿ ಹಿಡಿದ ಕೈಯೇ ಕುಂಚ ಹಿಡಿದಿದೆ ಅಂತ ಕಾಣುತ್ತದೆ. ಜಲವರ್ಣ ಕಲಿಸಿದ ತೆಳು ಬಣ್ಣ ಮುಂದೆ ಅವರ ಬಣ್ಣದ ಪ್ರಿಂಟ್‌ಗಳಿಗೂ ಬಂತು. ಒಂದು ಬಾಗಿಲು ಮುಚ್ಚಿದಾಗ ಅವರು ಆಗಲೇ ಮನೆಯ ಇನ್ನೊಂದು ಕೋಣೆಯಲ್ಲಿ ಬೆಳಕು ಹಚ್ಚಿ ಕೂತಿದ್ದರು. ಹಾಗಂತ ನೋವಾಗಲಿಲ್ಲ ಅಂತಲ್ಲ. ರೆಪಿನ್ ಸ್ಟುಡಿಯೋದಲ್ಲಿ ಕಲಿತು ಎಣ್ಣೆಬಣ್ಣ ಬಿಡುವುದು ಯಾರಿಗೂ ಸುಲಭವಲ್ಲ. ನಿಮಗೂ ಬೇಸರ ಆಗುತ್ತಿದ್ದರೆ ಅದು ಸಹಜ.

ಅವರ ನಗರದ ಚಿತ್ರಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ದ್ಯಾಗಿಲೆವ್ ನಡೆಸುತ್ತಿದ್ದ ಮೀರ್ ಇಸ್ಕುಸ್ತ್ವಾ ಪತ್ರಿಕೆಗಾಗಿ 1901ರಲ್ಲಿ ಪೀಟರ್ಸ್‌ಬರ್ಗ್ ಸರಣಿ ಶುರು ಮಾಡಿದರು. ಆ ಹೆಸರಿನ ಅರ್ಥ ಕಲಾಲೋಕ. ಆಗ ಬಹಳ ಜನರಿಗೆ ಪೀಟರ್ಸ್‌ಬರ್ಗ್ ಅಂದರೆ ಕಚೇರಿಗಳ, ಸಿಪಾಯಿ ಬ್ಯಾರಕ್‌ಗಳ ನೀರಸ ಊರು. ಅದರ ಕಂಬಗಳಲ್ಲಿ, ಕಾಲುವೆಗಳಲ್ಲಿ ಚೆಲುವು ಇದೆ ಅಂತ ಎತ್ತಿ ತೋರಿಸಿದವರಲ್ಲಿ ಬೆನುವಾ ಬರಹದಿಂದ, ಅನ್ನಾ ಮರದಿಂದ ಮುಖ್ಯರಾದರು. 1902ರ ಬೇಸಿಗೆ ಉದ್ಯಾನದ ಚಳಿಗಾಲ, 1903ರ ಚೈನ್ ಬ್ರಿಡ್ಜ್, 1910ರ ಕ್ರ್ಯೂಕೊವ್ ಕಾಲುವೆ, ಹೀಗೆ ಹುಡುಕಿ ನೋಡಿ. ನನಗೆ ಬಹಳ ಇಷ್ಟವಾದದ್ದು 1908ರದ್ದು, ಹಳೆಯ ವ್ಯಾಪಾರ ವಿನಿಮಯ ಕಟ್ಟಡದ ಕಂಬಗಳ ಸಂದಿಯಿಂದ ಕಾಣುವ ನೆವಾ ನದಿ. ಕಂಬಗಳು ಹತ್ತಿರ, ಭಾರವಾಗಿ ನಿಂತಿವೆ. ನಡುವಿನ ನದಿ ಹಗುರ. ನಗರ ಎಷ್ಟು ದೊಡ್ಡದು ಅಂತ ಹೇಳಲು ಅವರು ಇಡೀ ನಗರವನ್ನು ಬರೆಯಲಿಲ್ಲ. ಕಂಬದ ಪಕ್ಕ ನಮ್ಮನ್ನು ನಿಲ್ಲಿಸಿದರು. ಚಳಿಗಾಲದ ಪ್ರಿಂಟ್‌ಗಳನ್ನೂ ನೋಡಿ. ಎಷ್ಟೋ ಕಡೆ ಹಿಮಕ್ಕೆ ಬಣ್ಣವೇ ಇಲ್ಲ. ಕೆತ್ತಿ ತೆಗೆದ ಜಾಗದಲ್ಲಿ ಉಳಿದ ಖಾಲಿ ಕಾಗದವೇ ಹಿಮ.

ನಿಮಗೆ ಈ ಬಳಗದ ವಾಸನೆ ಹತ್ತಿರದಲ್ಲೇ ಬೇಕಾದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗಿ. ಅಲ್ಲಿ ರೋರಿಕ್ ತಂದೆ ಮಗನ ಚಿತ್ರಗಳಿವೆ. ತಂದೆ ನಿಕೊಲಾಯ್ ರೋರಿಕ್ 1910ರಲ್ಲಿ ಇದೇ ಮೀರ್ ಇಸ್ಕುಸ್ತ್ವಾ ಕಲಾವಿದರ ಸಂಘದ ಅಧ್ಯಕ್ಷರಾದವರು. ಅನ್ನಾ ಅವರ ಪ್ರಿಂಟ್ ಅಲ್ಲಿ ಸಿಗುವುದಿಲ್ಲ. ಆದರೆ ದೊಡ್ಡ ಹರವಿನ ಬಣ್ಣವನ್ನು ಆ ತಲೆಮಾರು ಹೇಗೆ ಪ್ರೀತಿಸಿತು ಅಂತ ಗೋಡೆಯ ಮೇಲೇ ಕಾಣುತ್ತದೆ.

ಜಪಾನಿನವರ ನಕಲು ಅಂತ ಅವರ ಬಗ್ಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಜಪಾನಿನಿಂದ ಅವರು ಕಲಿತದ್ದು ಬಿಡುವುದನ್ನು. ಬರೆದದ್ದು ತನ್ನ ಊರಿನ ಕಲ್ಲು, ಕಬ್ಬಿಣ, ನೀರು.

ಈಗ ಅಣ್ಣನಿಗೆ ಏನು ಹೇಳಬೇಕು ಅಂದರೆ, ಅನ್ನಾ ತಾವೇ ಚಿತ್ರ ರಚಿಸಿ, ತಾವೇ ಕೆತ್ತಿ, ತಾವೇ ಅಚ್ಚು ಹಾಕುತ್ತಿದ್ದರು. ಮೂರು ಕೈಗಳ ಕೆಲಸವನ್ನು ಒಂದೇ ಕೈಗೆ ತಂದಾಗ ವುಡ್‌ಕಟ್ ನಕಲು ಮಾಡುವ ಸಾಧನ ಆಗಿ ಉಳಿಯಲಿಲ್ಲ. ನಕಲಿಗೆ ಮೂಲ ಅಂತ ಒಂದು ಬೇರೆ ಇರಬೇಕಲ್ವಾ? ಇಲ್ಲಿ ಮೂಲ ಚಿತ್ರ ಬೇರೆ ಎಲ್ಲೂ ಇಲ್ಲ. ಹಲಗೆ ನೋಡಿದರೆ ಚಿತ್ರ ತಿರುಗುಮುರುಗು. ಕಾಗದದ ಮೇಲೆ ಅಚ್ಚು ಬಿದ್ದಾಗಲೇ ಚಿತ್ರ ಹುಟ್ಟುವುದು. ಇಪ್ಪತ್ತು ಪ್ರತಿ ತೆಗೆದರೆ ಇಪ್ಪತ್ತೂ ಮೂಲವೇ. ರಷ್ಯಾದಲ್ಲಿ ಬಣ್ಣದ ವುಡ್‌ಕಟ್ ಸ್ವತಂತ್ರ ಕಲೆಯಾಗಿ ಎದ್ದು ನಿಂತದ್ದು ಅನ್ನಾ ಅವರಿಂದ ಅಂತ ಕಲಾ ಇತಿಹಾಸ ಬರೆಯುವವರು ಒಪ್ಪುತ್ತಾರೆ.

ಮುಂದಿನ ಬದುಕನ್ನು ಬೇಗ ಹೇಳಿಬಿಡುತ್ತೇನೆ. 1905ರಲ್ಲಿ ಸೆರ್ಗೆಯ್ ಲೆಬೆದೆವ್ ಅವರನ್ನು ಮದುವೆಯಾದರು. ಕೃತಕ ರಬ್ಬರ್ ಮಾಡುವ ದಾರಿ ಕಂಡ ದೊಡ್ಡ ರಸಾಯನ ವಿಜ್ಞಾನಿ ಅವರೇ, 1934ರಲ್ಲಿ ತೀರಿಕೊಂಡರು. 1917ರ ಕ್ರಾಂತಿಯ ನಂತರವೂ ಅನ್ನಾ ತಮ್ಮ ಊರಲ್ಲೇ ಉಳಿದರು. 1922ರಲ್ಲಿ ಪೀಟರ್ಸ್‌ಬರ್ಗ್ ಬಗ್ಗೆ ಲಿಥೋಗ್ರಾಫ್ (ಕಲ್ಲಚ್ಚು) ಆಲ್ಬಂ ತಂದರು, ಮರುವರ್ಷ ಪಾವ್ಲೊವ್ಸ್ಕ್ ಉದ್ಯಾನದ ವುಡ್‌ಕಟ್‌ಗಳು ಬಂದವು. ಪುಸ್ತಕಗಳಿಗೆ ಚಿತ್ರ ಬರೆದರು, ಪಾಠ ಮಾಡಿದರು. 1941ರಲ್ಲಿ ಯುದ್ಧ ಬಂದಾಗ ಅವರಿಗೆ 70 ವರ್ಷ. ಪೀಟರ್ಸ್‌ಬರ್ಗ್‌ಗೆ ಆಗ ಲೆನಿನ್‌ಗ್ರಾಡ್ ಅಂತ ಹೆಸರು. ಲೆನಿನ್‌ಗ್ರಾಡ್‌ನ ಮುತ್ತಿಗೆ 1941ರ ಸೆಪ್ಟೆಂಬರಿನಿಂದ 1944ರ ಜನವರಿವರೆಗೆ ನಡೆಯಿತು. ಹಸಿವು, ಚಳಿ, ಬಾಂಬು. ಅವರು ಊರು ಬಿಡಲಿಲ್ಲ. ಬಚ್ಚಲುಮನೆಯಲ್ಲಿ ಶೆಲ್ಲಿನ ಸದ್ದು ಸ್ವಲ್ಪ ಕಡಿಮೆ ಕೇಳುತ್ತದೆ ಅಂತ, ಕೈತೊಳೆಯುವ ತೊಟ್ಟಿಯ ಮೇಲೆ ಡ್ರಾಯಿಂಗ್ ಬೋರ್ಡ್ ಇಟ್ಟು, ಬುಡ್ಡಿ ದೀಪ ಹಚ್ಚಿಕೊಂಡು ಆತ್ಮಕಥನದ ಟಿಪ್ಪಣಿ ಬರೆಯುತ್ತಿದ್ದರು. ಲೆನಿನ್‌ಗ್ರಾಡಿನ ಹೆಂಗಸರು ಸ್ಕಾಟ್‌ಲೆಂಡಿನ ಹೆಂಗಸರಿಗೆ ಕಳಿಸಿದ ಆಲ್ಬಂಗೆ ಚಿತ್ರ ಮಾಡಿದವರಲ್ಲಿ ಅವರೂ ಒಬ್ಬರು. ಟಿಪ್ಪಣಿಗಳ ಮೊದಲ ಸಂಪುಟ 1935ರಲ್ಲಿ, ಎರಡನೆಯದು 1945ರಲ್ಲಿ, ಮೂರನೆಯದು 1951ರಲ್ಲಿ ಬಂದವು. 1955ರಲ್ಲಿ ಅದೇ ಊರಲ್ಲಿ ತೀರಿಕೊಂಡರು.

ಇದನ್ನು ಹೇಳಿದ್ದು ನೀವು ಹಾಗೇ ಬದುಕಬೇಕು ಅಂತಲ್ಲ. ಆಸ್ತಮಾ ಇದ್ದ ಒಬ್ಬರು 80 ದಾಟಿದರು, ಕೆಲಸ ಮಾಡುತ್ತಲೇ ಇದ್ದರು, ಅಷ್ಟು ನಿಮಗೆ ಗೊತ್ತಿರಲಿ ಅಂತ.

ಈಗ ನಿಮ್ಮ ಎದೆಗೆ ಬರೋಣ. ಇಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. "ಪ್ರಿಂಟ್‌ಮೇಕಿಂಗ್‌ನಲ್ಲಿ ವಾಸನೆ ಇಲ್ಲ" ಅನ್ನುವ ಮಾತು ಬಹಳ ಮಕ್ಕಳಿಗೆ ತೊಂದರೆ ಮಾಡಿದೆ. ಪ್ರಿಂಟ್ ವಿಭಾಗ ಅಂದರೆ ಒಂದೇ ಕೆಲಸವಲ್ಲ. ವುಡ್‌ಕಟ್, ಲಿನೋಲಿಯಂ ಹಾಳೆ ಕೆತ್ತುವ ಲಿನೋಕಟ್, ಲೋಹದ ತಗಡನ್ನು ಆಸಿಡ್‌ನಿಂದ ಕೊರೆಯುವ ಎಚಿಂಗ್, ಲಿಥೋ, ಜಾಲರಿಯ ಮೂಲಕ ಶಾಯಿ ಒತ್ತುವ ಸ್ಕ್ರೀನ್, ಎಲ್ಲವೂ ಸಾಮಾನ್ಯವಾಗಿ ಒಂದೇ ಹಾಲ್‌ನಲ್ಲಿ ನಡೆಯುತ್ತವೆ. ಕೆಲವು ಆಸ್ತಮಾಗೆ ತೈಲವರ್ಣಕ್ಕಿಂತ ಕೆಟ್ಟವು.

ಎಚಿಂಗ್‌ನಲ್ಲಿ ನೈಟ್ರಿಕ್ ಆಸಿಡ್‌ನಿಂದ ಏಳುವ ಹೊಗೆ ಎದೆಗೆ ನೇರ ಪೆಟ್ಟು. ಅದಕ್ಕಿಂತ ಕಳ್ಳತನದಿಂದ ಕಾಡುವುದು, ಎಚಿಂಗ್‌ನಲ್ಲಿ ಛಾಯೆ ತರುವ ಅಕ್ವಾಟಿಂಟ್ ವಿಧಾನಕ್ಕೆ ಬಳಸುವ ರಾಳದ ಪುಡಿ. ಪೈನ್ ಮರದ ಆ ರಾಳ ಆಸ್ತಮಾ ತರಿಸುವ ವಸ್ತುಗಳಲ್ಲಿ ಹೆಸರು ಪಡೆದದ್ದು. ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಕಡೆ ರಾಳ ಉದುರಿಸುವ ಪೆಟ್ಟಿಗೆ ಕಿಟಕಿಯಿಲ್ಲದ ಮೂಲೆಯಲ್ಲಿತ್ತು. ಒಬ್ಬ ಹುಡುಗ, ಬಹಳ ಚೆನ್ನಾಗಿ ಕೆಲಸ ಮಾಡುತ್ತಿದ್ದವನು, ಪ್ರತಿ ಗುರುವಾರ ರಾತ್ರಿ ಕೆಮ್ಮುತ್ತಾನೆ ಅಂತ ಅವನ ತಾಯಿ ಹೇಳಿದರು. ಗುರುವಾರ ಅಂದರೆ ಅಕ್ವಾಟಿಂಟ್ ದಿನ. ನಾವು ಯಾರೂ ಮೂರು ತಿಂಗಳು ಲೆಕ್ಕ ಹಾಕಿರಲಿಲ್ಲ. ಅದು ನನ್ನ ತಪ್ಪೂ ಹೌದು, ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅಲ್ಲಿಂದ ನಾನು ಹೊಸ ಮಕ್ಕಳಿಗೆಲ್ಲ ಒಂದು ಪುಸ್ತಕದಲ್ಲಿ ದಿನ, ಮಾಡಿದ ಕೆಲಸ, ಆ ರಾತ್ರಿ ಉಸಿರು ಹೇಗಿತ್ತು ಅಂತ ಬರೆಸುತ್ತಿದ್ದೆ. ನೀವೂ ಇವತ್ತಿನಿಂದ ಬರೆಯಿರಿ. ಡಾಕ್ಟರಿಗೆ ತೋರಿಸಿ. ಟರ್ಪೆಂಟೈನ್ ಒಂದೇ ಕಾರಣವೋ, ಜೊತೆಗೆ ಧೂಳೂ ಇದೆಯೋ ಅಂತ ತಿಳಿಯಲು ಅವರಿಗೆ ಅದು ಬಹಳ ಸಹಾಯ ಮಾಡುತ್ತದೆ. ಶ್ವಾಸಕೋಶದ ತಜ್ಞರನ್ನು ಕಂಡು, ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಂಡಿಲ್ಲದಿದ್ದರೆ ಮಾಡಿಸಿ. ಇನ್‌ಹೇಲರ್ ಇದೆ ಅಂತ ಟರ್ಪೆಂಟೈನ್ ಕೋಣೆಯಲ್ಲಿ ಕೂರಬೇಡಿ. ಕೆಲಸದ ಜಾಗದಿಂದ ಬರುವ ಆಸ್ತಮಾದಲ್ಲಿ, ಕಾರಣ ಮುಂದುವರಿದಷ್ಟೂ ಕಾಯಿಲೆ ಗಟ್ಟಿಯಾಗುತ್ತದೆ.

ಲಿಥೋದಲ್ಲೂ ಆಸಿಡ್, ದ್ರಾವಕ ಎರಡೂ ಬರುತ್ತವೆ. ಸ್ಕ್ರೀನ್ ಪ್ರಿಂಟ್ ನೀರಿನ ಶಾಯಿಯಲ್ಲಾದರೆ ಪರವಾಗಿಲ್ಲ.

ವುಡ್‌ಕಟ್ ಮತ್ತು ಲಿನೋಕಟ್ ಇವುಗಳಲ್ಲಿ ಎದೆಗೆ ಮೆದು. ಉಳಿಯಿಂದ ಕೆತ್ತಿದಾಗ ಬರುವುದು ಸುರುಳಿ ಚಕ್ಕೆ, ಅದು ಗಾಳಿಯಲ್ಲಿ ತೇಲುವುದಿಲ್ಲ. ತೊಂದರೆ ಇರುವುದು ಹಲಗೆಯನ್ನು ಮರಳುಕಾಗದದಿಂದ ಉಜ್ಜುವಾಗ, ಮೆಷಿನ್‌ನಲ್ಲಿ ಕೊಯ್ಯುವಾಗ. ಮರದ ಸಣ್ಣ ಧೂಳೂ ಆಸ್ತಮಾ ಕೆದಕುತ್ತದೆ. ಹಾಗಾಗಿ ಉಜ್ಜಿ ತಯಾರಾದ ಹಲಗೆಯನ್ನೇ ತನ್ನಿ. ಉಜ್ಜಲೇಬೇಕಾದರೆ ಬೇರೆಯವರಿಂದ, ಹೊರಗೆ ಮಾಡಿಸಿ. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣ ಪೊರಕೆ ಬೇಡ. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡುವ ಎಂಡಿಎಫ್ ಹಲಗೆ ಅಗ್ಗ ಅಂತ ಎಲ್ಲರೂ ತರುತ್ತಾರೆ, ನೀವು ತರಬೇಡಿ. ಅದರ ಧೂಳು ಹಿಟ್ಟಿನಂತೆ ನುಣುಪು, ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ.

ಇನ್ನೊಂದು ಅಪಾಯ ಅಚ್ಚು ಹಾಕಿದ ಮೇಲೆ. ಎಣ್ಣೆ ಶಾಯಿಯ ವಾಸನೆ ಅಷ್ಟಿಲ್ಲ, ಆದರೆ ರೋಲರ್ ತೊಳೆಯಲು ಸೀಮೆಎಣ್ಣೆಯನ್ನೋ ಟರ್ಪೆಂಟೈನನ್ನೋ ಸುರಿಯುತ್ತಾರೆ. ಅಲ್ಲಿಗೆ ನೀವು ಬಿಟ್ಟು ಬಂದದ್ದು ಹಿಂದೆಯೇ ಬಂದ ಹಾಗೆ. ಅಡುಗೆ ಎಣ್ಣೆ ಹಾಕಿ ಒರೆಸಿ, ಆಮೇಲೆ ಸೋಪು ನೀರಿನಿಂದ ತೊಳೆದರೆ ಶಾಯಿ ಹೋಗುತ್ತದೆ. ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ಶಾಯಿಯಲ್ಲಿರುವ ಅಗಸೆ ಎಣ್ಣೆ ಹೀರಿದ ಬಟ್ಟೆ ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ನೀರಿನ ಶಾಯಿ ಬಳಸಿದರೆ ಈ ರಗಳೆ ಇಲ್ಲ, ಆದರೆ ನಮ್ಮ ಬೇಸಿಗೆಯಲ್ಲಿ ಹಲಗೆಯ ಮೇಲೇ ಒಣಗಿಬಿಡುತ್ತದೆ. ಬೆಳಗ್ಗೆ ಬೇಗ ಅಚ್ಚು ಹಾಕಿ.

ವಿಭಾಗ ಬದಲಾಯಿಸಲೇ ಅಂತ ಕೇಳಿದಿರಿ. ಮೂರು ದಾರಿ ಇದೆ ನಿಮಗೆ. ಪೇಂಟಿಂಗ್‌ನಲ್ಲೇ ಉಳಿದು ಅಕ್ರಿಲಿಕ್, ಜಲವರ್ಣಕ್ಕೆ ಹೋಗಬಹುದು. ಆದರೆ ಪಕ್ಕದ ಈಸಲ್‌ನಲ್ಲಿ ಗೆಳೆಯರು ಟರ್ಪೆಂಟೈನ್ ತೆರೆದಿಟ್ಟರೆ ನಿಮ್ಮ ಎದೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೇರೆ ಕೋಣೆ ಕೇಳಲೇಬೇಕು. ಪ್ರಿಂಟ್‌ಗೆ ಹೋಗಬಹುದು. ಹೋಗುವ ಮುನ್ನ ಎಚಿಂಗ್, ಲಿಥೋ ಪರೀಕ್ಷೆಗಳಿಗೆ ವಿನಾಯಿತಿ ಅಥವಾ ಬದಲಿ ಕೆಲಸ ಕೊಡುತ್ತಾರಾ ಅಂತ ವಿಭಾಗದ ಮುಖ್ಯಸ್ಥರಿಂದ ಡಾಕ್ಟರ ಚೀಟಿ ತೋರಿಸಿ ಬರಹದಲ್ಲಿ ಪಡೆಯಿರಿ. ಮೂರನೆಯದು ಅನ್ನಾ ಮಾಡಿದ್ದು, ಜಲವರ್ಣವನ್ನೂ ವುಡ್‌ಕಟ್ಟನ್ನೂ ಜೊತೆಗೆ ನಡೆಸುವುದು. ನನ್ನನ್ನು ಕೇಳಿದರೆ ಈ ವರ್ಷ ಉಳಿದಿರುವ ತಿಂಗಳುಗಳಲ್ಲಿ ಇದನ್ನೇ ಮಾಡಿ. ವಿಭಾಗ ಆರಿಸುವ ಮೊದಲು ಮೂರು ಬ್ಲಾಕ್ ಕೆತ್ತಿ. ಮೊದಲನೆಯದರಲ್ಲಿ ಕೈ ನೋಯುತ್ತದೆ, ಎರಡನೆಯದರಲ್ಲಿ ಸಿಟ್ಟು ಬರುತ್ತದೆ. ಮೂರನೆಯದನ್ನು ಕೆತ್ತುವಾಗ ಊಟಕ್ಕೆ ಕರೆದರೆ ಕೇಳಿಸದಿದ್ದರೆ, ಪ್ರಿಂಟ್ ತಗೊಳ್ಳಿ. ಹಾಗಾಗದಿದ್ದರೆ ಆಸ್ತಮಾ ಒಂದೇ ಕಾರಣಕ್ಕೆ ಬರಬೇಡಿ. ಜಲವರ್ಣಕ್ಕೆ ಹೋಗಿ, ಅದರಲ್ಲೂ ಇಡೀ ಆಯಸ್ಸಿಗೆ ಸಾಕಾಗುವಷ್ಟಿದೆ.

ಇನ್ನು ಮರ. ಬೀಟೆ, ತೇಗ ಬೇಡ. ಎರಡರ ಧೂಳೂ ಕೆಲವರಿಗೆ ಅಲರ್ಜಿ ತರುತ್ತದೆ. ಕಲಿಯಲು ಆರು ಮಿಲಿಮೀಟರ್ ಪ್ಲೈವುಡ್ ಸಾಕು, ಮೇಲಿನ ಪದರ ಮೆತ್ತಗಿರುವುದನ್ನು ಉಗುರು ಒತ್ತಿ ನೋಡಿ ಆರಿಸಿ. ಕೈ ಕುದುರಿದ ಮೇಲೆ ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರದ ಒಂದು ತುಂಡು ಸಿಕ್ಕರೆ ಕೆತ್ತಿ ನೋಡಿ. ಬಿಳಿಚು ಬಣ್ಣ, ಎಳೆ ಬಹಳ ನುಣುಪು, ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಒಂದು ಅಂಗೈ ಅಗಲ ಸಾಕು. ಕಪ್ಪು ಒಂದೇ ಬಣ್ಣದಲ್ಲಿ ಮಾಡಿ. ನಿಮ್ಮ ಮನೆಯ ಕಿಟಕಿಯಿಂದ ಕಾಣುವ ಯಾವುದಾದರೂ ಕಂಬವೋ ಮರವೋ ಹತ್ತಿರದಲ್ಲಿ ಇರಲಿ, ಅದರ ಹಿಂದೆ ಬೀದಿ. ಆಕಾಶವನ್ನು ಪೂರ್ತಿ ಕೆತ್ತಿ ತೆಗೆದುಬಿಡಿ. ಅಚ್ಚು ತೆಗೆದ ಮೇಲೆ ಒಂದು ಪ್ರತಿ ನನಗೆ ಅಂಚೆಯಲ್ಲಿ ಕಳಿಸಿ.